ಗಾಳಿವೀರನ ಹುಟ್ಟೂರುಗಳು

ಸರ್ಕಾರ ನನ್ನನ್ನು ನೇಮಿಸಿಕೊಂಡದ್ದು ಪ್ರೌಢಶಾಲೆಯ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುವುದಕ್ಕೆ. ಕಾಜಾ, ಗುಂಡಿ, ಲಂಗದ ನೆರಿಗೆ, ಒಂದಿಷ್ಟು ಕಸೂತಿ, ಇಷ್ಟೇ ನನ್ನ ಪಾಠ. ಆದರೆ ನಿವೃತ್ತಿಯಾದ ಮೇಲೆ ಹಳೆಯ ಮಕ್ಕಳು ಹುಣಸೂರಿನ ಬಸ್‌ಸ್ಟ್ಯಾಂಡಿನಲ್ಲೋ ಮದುವೆಮನೆಯಲ್ಲೋ ಸಿಕ್ಕರೆ ಕಾಜಾದ ಮಾತನ್ನು ಯಾರೂ ಎತ್ತುವುದಿಲ್ಲ. "ಮಿಸ್ಸು, ಗಾಳಿವೀರ ಎಂಗವ್ನೆ?" ಎಂದು ಕೇಳುತ್ತಾರೆ, ನಮ್ಮ ಮನೆಯಲ್ಲಿ ಬಾಡಿಗೆಗಿದ್ದ ಹುಡುಗನನ್ನು ವಿಚಾರಿಸುವ ಹಾಗೆ.

ಶಾಲೆಯ ವಾರ್ಷಿಕೋತ್ಸವಕ್ಕೆ ಒಂದು ನಾಟಕ ಆಗಲೇಬೇಕು. ಗಣಿತದ ಮೇಷ್ಟ್ರಿಗೆ ಪೋರ್ಶನ್ ಮುಗಿದಿರುವುದಿಲ್ಲ, ಇಂಗ್ಲಿಷಿನವರಿಗೆ ತಲೆನೋವು, ಪಿ.ಟಿ. ಮೇಷ್ಟ್ರು ಶಾಮಿಯಾನ ಕಟ್ಟಿಸಬೇಕು. ಕೊನೆಗೆ ಎಲ್ಲರೂ ತಿರುಗಿ ನೋಡುವುದು ಹೊಲಿಗೆ ಟೀಚರ್ ಕಡೆಗೆ. ನಮ್ಮ ಬೀದಿಯ ಪಲ್ಲವಿ ಈ ವರ್ಷ ಟೀಚರ್ ಕೆಲಸಕ್ಕೆ ಸೇರಿದ್ದಾಳೆ. ಸೇರಿದ ತಿಂಗಳಲ್ಲೇ ನಾಟಕ ಅವಳ ತಲೆಗೂ ಬಂತು. "ಆಂಟಿ, ಮಕ್ಕಳು ಸಿನಿಮಾದ ಹೀರೋನೇ ಬೇಕು ಅಂತ ಹಟ ಹಿಡಿದಿದ್ದಾರೆ, ಏನ್ ಮಾಡ್ಲಿ?" ಎಂದು ಕೇಳಿಕೊಂಡು ಬಂದಳು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ. ಸಂಬಳ, ಬಡ್ತಿ, ವರ್ಗಾವಣೆಯ ಕಷ್ಟಗಳನ್ನು ಬೇರೆಯವರು ನನಗಿಂತ ಚೆನ್ನಾಗಿ ಹೇಳುತ್ತಾರೆ.

ಮೊದಲು ಗಾಳಿವೀರ ಯಾರೆಂದು ಹೇಳಬೇಕು. ತೊಂಬತ್ತರ ದಶಕದಲ್ಲಿ ಒಂದು ವಾರಪತ್ರಿಕೆಯ ಕೊನೆಯ ಪುಟದಲ್ಲಿ ಚಿತ್ರಕಥೆಯಾಗಿ ಬರುತ್ತಿದ್ದವನು ಅವನು. ಮೋಡದ ಮೇಲೊಂದು ರಾಜ್ಯ. ಅದಕ್ಕೆ ಬೆಂಕಿ ಬಿದ್ದು ಎಲ್ಲ ಸುಟ್ಟುಹೋಗುತ್ತದೆ. ರಾಣಿ ತನ್ನ ಕೂಸನ್ನು ಗಾಳಿಯ ತೊಟ್ಟಿಲಲ್ಲಿಟ್ಟು ಭೂಮಿಗೆ ಬಿಡುತ್ತಾಳೆ. ತೊಟ್ಟಿಲು ಒಂದು ಮಹಾನಗರದಲ್ಲಿ ಮಕ್ಕಳಿಲ್ಲದ ಕೋಟ್ಯಧೀಶನ ಮಹಡಿಯ ಮೇಲೆ ಇಳಿಯುತ್ತದೆ. ಕೂಸು ಬೆಳೆದು ದೊಡ್ಡದಾಗಿ, ಮುಖಕ್ಕೆ ಮುಸುಕು ಹಾಕಿ, ಬೆನ್ನಿಗೆ ನೀಲಿ ಬಟ್ಟೆ ಕಟ್ಟಿಕೊಂಡು ಹಾರಾಡುತ್ತಾ ಕಳ್ಳರನ್ನು ಹಿಡಿಯುತ್ತದೆ. ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ, ಕಂಪಲಾಪುರದ ಆಚೆ ನಾನಿದ್ದ ಹಳ್ಳಿಗೆ ಆ ಪತ್ರಿಕೆಯ ಒಂದೇ ಒಂದು ಪ್ರತಿ ಬರುತ್ತಿತ್ತು, ಅದೂ ಕ್ಷೌರದಂಗಡಿಗೆ. ಕೂದಲು ಬೆಳೆಯದಿದ್ದರೂ ಹುಡುಗರು ಪ್ರತಿ ವಾರ ಅಲ್ಲಿ ಹೋಗಿ ಕೂರುತ್ತಿದ್ದರು.

ಅಲ್ಲಿನ ಹೆಡ್‌ಮಾಸ್ಟರು ರಂಗಸ್ವಾಮಿಯವರು. ಒಳ್ಳೆಯ ಮನುಷ್ಯ, ನಾಟಕ ಎಂದರೆ ಮಾತ್ರ ಕಿರೀಟ ಇರಲೇಬೇಕು ಅವರಿಗೆ. ನನ್ನನ್ನು ಕರೆದು, "ಸುಶೀಲಮ್ಮ, ಬಟ್ಟೆ ನಿಮ್ಮ ಹತ್ರ ಇದೆ, ಮಿಷಿನ್ನೂ ನಿಮ್ಮ ಹತ್ರನೇ ಇದೆ. ನಾಟಕ ಅಂದ್ರೆ ಇನ್ನೇನಮ್ಮ? ಒಂದು ಪೌರಾಣಿಕ ಮಾಡ್ಸಿಬಿಡಿ" ಎಂದರು.

ಒಂಬತ್ತನೇ ಕ್ಲಾಸಿನ ಹುಡುಗರು ಒಪ್ಪಲಿಲ್ಲ. ಗಾಳಿವೀರನೇ ಆಗಬೇಕು ಎಂದರು. "ಅವನಿಗೂ ಕಿರೀಟ ಹಾಕಬಹುದು ಸಾರ್, ರಾಜಕುಮಾರ ತಾನೇ" ಎಂದು ನಾನು ಹೇಳಿದ ಮೇಲೆ ಹೆಡ್‌ಮಾಸ್ಟರಿಗೆ ಸಮಾಧಾನವಾಯಿತು.

ನನಗೆ ನಾಟಕದ ಗಂಧವೇ ಇರಲಿಲ್ಲ. ಪತ್ರಿಕೆಯಲ್ಲಿ ಹೇಗಿತ್ತೋ ಹಾಗೇ ಮಾಡಿಸಿದೆ. ಮಹಾನಗರ ಬೇಕಿತ್ತು, ಹಳೆಯ ರಟ್ಟಿನ ಪೆಟ್ಟಿಗೆಗಳ ಮೇಲೆ ಕಿಟಕಿ ಬರೆಸಿದೆ. ಕೋಟ್ಯಧೀಶನಿಗೆ ಕೋಟು ಬೇಕಿತ್ತು, ಪೋಸ್ಟ್‌ಮ್ಯಾನ್ ಹತ್ತಿರ ಖಾಕಿ ಕೋಟು ಕೇಳಿ ತಂದೆವು. ಹಾರಿಸುವುದಕ್ಕೆ ಬಾವಿಯ ರಾಟೆಯನ್ನು ವೇದಿಕೆಯ ಪಕ್ಕದ ಬೇವಿನಮರದ ಕೊಂಬೆಗೆ ಕಟ್ಟಿ, ಗಾಳಿವೀರನ ಪಾರ್ಟು ಮಾಡುತ್ತಿದ್ದ ನಂಜುಂಡನ ಸೊಂಟಕ್ಕೆ ಹಗ್ಗ ಬಿಗಿದೆವು. ಇನ್ನೊಂದು ತುದಿ ಪಿ.ಟಿ. ಮೇಷ್ಟ್ರ ಕೈಯಲ್ಲಿತ್ತು.

ನಂಜುಂಡ ಮೇಲೇನೋ ಹೋದ. ಹೋದವನು ಅಲ್ಲೇ ಗರಗರ ಸುತ್ತತೊಡಗಿದ. ರಾಟೆ ಸಿಕ್ಕಿಹಾಕಿಕೊಂಡಿತ್ತು, ಹಗ್ಗ ಮೇಲಕ್ಕೂ ಬಾರದು, ಕೆಳಕ್ಕೂ ಇಳಿಯದು. ಕಳ್ಳನ ಪಾರ್ಟಿನವನು ಕೆಳಗೆ ನಿಂತು, "ಬಾರೋ ಗಾಳಿವೀರಾ, ತಾಕತ್ತಿದ್ದರೆ ಇಳಿದು ಬಾ" ಎಂಬ ತನ್ನ ಮಾತನ್ನು ಮತ್ತೆ ಮತ್ತೆ ಹೇಳಿದ. ಪಾಪ, ಅವನಿಗೆ ಬೇರೆ ಮಾತು ಗೊತ್ತಿರಲಿಲ್ಲ. ಜನ ಬಿದ್ದು ಬಿದ್ದು ನಕ್ಕರು. ಆಗ ನಂಜುಂಡನ ತಾಯಿ ಪುಟ್ಟಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ವೇದಿಕೆಗೇ ಹತ್ತಿ ಬಂದಳು. "ಇಳಿಸ್ರಪ್ಪಾ ನನ್ ಮಗನ್ನ! ಬೆಳಗ್ಗಿಂದ ಉಂಡಿಲ್ಲ ಅವ್ನು!" ಎಂದು ಕೂಗಿದಳು. ಊರಿನವರು ಸೇರಿ ಅವನನ್ನು ಇಳಿಸಿದರು.

ಮಾರನೇ ದಿನ ಪುಟ್ಟಮ್ಮ ಶಾಲೆಗೆ ಬಂದಳು. ಜಗಳಕ್ಕೇ ಬಂದಿದ್ದಾಳೆ ಎಂದುಕೊಂಡು ನಾನು ಎದ್ದು ನಿಂತೆ. ಅವಳು ಜಗಳವಾಡಲಿಲ್ಲ. ಹೊಲಿಗೆ ಕೋಣೆಯ ಬಾಗಿಲಲ್ಲಿ ಕುಳಿತು, ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಕೇಳಿದಳು: "ಅಲ್ಲ ಕಣ್ ಟೀಚರಮ್ಮ, ಆ ಕೂಸನ್ನ ಸಾವ್ಕಾರನೇ ಯಾಕ್ ಸಾಕ್ಬೇಕು? ಅಷ್ಟು ಮೇಲಿಂದ ಬಿದ್ದುದ್ದು ನಮ್ ಹೊಲದಲ್ ಬಿದ್ದಿದ್ರೆ ನಾವ್ ಸಾಕ್ತಿರ್ಲಿಲ್ವಾ?"

"ಪತ್ರಿಕೇಲಿ ಹಾಗಿದೆ ಪುಟ್ಟಮ್ಮ."

"ಪತ್ರಿಕೆಯೋರಿಗೆ ನಮ್ಮೂರು ಗೊತ್ತಿಲ್ಲ ಬುಡಿ. ನಿಮ್ಗೆ ಗೊತ್ತಲ್ಲ."

ನಾನು ನಗುತ್ತಾ ಅವಳನ್ನು ಕಳಿಸಿದೆ. ಆದರೆ ಆ ಮಾತು ಮನಸ್ಸಿನಿಂದ ಹೋಗಲಿಲ್ಲ. ಮರುವರ್ಷ ಗಾಳಿವೀರನ ತೊಟ್ಟಿಲು ಹೊಗೆಸೊಪ್ಪಿನ ಹೊಲದಲ್ಲಿ ಬಿತ್ತು.

ನಮ್ಮ ಕಡೆ ಹೊಗೆಸೊಪ್ಪನ್ನು ಕಡ್ಡಿಗಳಿಗೆ ಕಟ್ಟಿ, ಬ್ಯಾರನ್ ಎನ್ನುವ ಎತ್ತರದ ಕೋಣೆಯಲ್ಲಿ ನೇತುಹಾಕಿ, ಕೆಳಗಿನಿಂದ ಬೆಂಕಿಯ ಶಾಖ ಕೊಟ್ಟು ಹದ ಮಾಡುತ್ತಾರೆ. ನಮ್ಮ ಹೊಸ ನಾಟಕದಲ್ಲಿ ಸೊಪ್ಪು ಕಟ್ಟುವ ಕೂಲಿ ಹೆಂಗಸೊಬ್ಬಳು ಕೂಸನ್ನು ಎತ್ತಿಕೊಂಡು ಸಾಕುತ್ತಾಳೆ. ಹುಟ್ಟಿದ ರಾಜ್ಯ ಬೆಂಕಿಯಲ್ಲಿ ಸುಟ್ಟಿದ್ದರಿಂದ ಹುಡುಗನಿಗೆ ಬೆಂಕಿ ಎಂದರೆ ನಡುಕ. ಎಲ್ಲಿ ಬೇಕಾದರೂ ಹಾರುತ್ತಾನೆ, ಬ್ಯಾರನ್ ಹತ್ತಿರ ಮಾತ್ರ ಸುಳಿಯುವುದಿಲ್ಲ. ಒಂದು ದಿನ ಬ್ಯಾರನ್‌ಗೆ ಬೆಂಕಿ ಬೀಳುತ್ತದೆ. ಒಳಗೆ ಸಾಕಿದ ತಾಯಿ ಇದ್ದಾಳೆ.

ಈ ಸಲ ರಾಟೆ ಇರಲಿಲ್ಲ. ನಂಜುಂಡ ಬ್ಯಾರನ್ ಬಾಗಿಲ ಮುಂದೆ ಬಂದು ನಿಂತ, ಅಷ್ಟೇ. ಒಳಗೆ ಹೋಗಲಾರ, ಬಿಟ್ಟು ಬರಲಾರ. ಅಂಗಳದಲ್ಲಿ ಕುಳಿತ ಜನಕ್ಕೆ ಬ್ಯಾರನ್ ಬೆಂಕಿ ಎಂದರೇನೆಂದು ನಾನು ಹೇಳಿಕೊಡಬೇಕಿರಲಿಲ್ಲ. ವರ್ಷದ ಬೆಳೆಯನ್ನು ಅದಕ್ಕೆ ಕೊಟ್ಟವರು ಅಲ್ಲಿದ್ದರು. ಒಬ್ಬರೂ ಕೆಮ್ಮಲಿಲ್ಲ. ಅವನು ನೀಲಿ ಬಟ್ಟೆಯನ್ನು ತಲೆಗೆ ಸುತ್ತಿಕೊಂಡು ಒಳಕ್ಕೆ ನುಗ್ಗಿದಾಗ ಪುಟ್ಟಮ್ಮ, "ನನ್ನಪ್ಪಾ!" ಎಂದಳು. ಮಗನನ್ನು ಕರೆದಳೋ ಗಾಳಿವೀರನನ್ನೋ, ಅವಳಿಗೇ ಗೊತ್ತಿರಲಿಲ್ಲ ಎಂದು ಕಾಣುತ್ತದೆ.

ಎಲ್ಲರೂ ಮೆಚ್ಚಿದರು ಎಂದುಕೊಳ್ಳಬೇಡಿ. ಎಂಟನೇ ಕ್ಲಾಸಿನ ಶಿವಲಿಂಗ ಎಂಬ ಹುಡುಗ ನಾಟಕ ಮುಗಿದ ಮೇಲೆ ಅಳುತ್ತಾ ಬಂದ. ಗಾಳಿವೀರನ ಒಂದೊಂದು ಕಂತೂ ಅವನಿಗೆ ಬಾಯಿಪಾಠ. "ಮಿಸ್, ನೀವ್ ಗಾಳಿವೀರನ್ನ ಕೆಡಿಸ್ಬುಟ್ರಿ. ಅವ್ನು ಬೆಂಕಿಗೆ ಎದ್ರಲ್ಲ. ಯಾವುಕ್ಕೂ ಎದ್ರಲ್ಲ ಅವ್ನು."

ನಾನು, "ಹೆದರಿಕೊಂಡೂ ಒಳಗೆ ಹೋದನಲ್ಲೋ, ಅದು ದೊಡ್ಡದಲ್ವಾ?" ಎಂದೆ.

"ಅದು ಬ್ಯಾರೆ ಯಾರೋ. ಗಾಳಿವೀರ ಅಲ್ಲ" ಎಂದು ಹೇಳಿ ಹೊರಟೇ ಹೋದ. ಆ ಹುಡುಗನ ದುಃಖವನ್ನು ನಾನು ಹಗುರ ಮಾಡುವುದಿಲ್ಲ. ತನ್ನವನೆಂದು ನಂಬಿದವನನ್ನು ಬೇರೆ ಯಾರೋ ಬೇರೆ ಮಾಡಿದರೆ ಹೊಟ್ಟೆ ಉರಿಯುತ್ತದೆ. ನಾಟಕ ಮಾಡಿಸುವವರು ಆ ಉರಿಗೂ ಒಂದು ಕುರ್ಚಿ ಹಾಕಿಟ್ಟಿರಬೇಕು.

ಅಲ್ಲಿಂದ ನನಗೆ ಎಚ್.ಡಿ. ಕೋಟೆ ತಾಲ್ಲೂಕಿಗೆ ವರ್ಗವಾಯಿತು. ಕಬಿನಿ ಹಿನ್ನೀರಿನ ದಂಡೆಯ ಊರು. ಅಣೆಕಟ್ಟು ಕಟ್ಟಿದಾಗ ಊರು ಕಳೆದುಕೊಂಡವರು ಮೇಲಿನ ದಿಣ್ಣೆಗೆ ಬಂದು ಮನೆ ಕಟ್ಟಿಕೊಂಡಿದ್ದರು. ಅಲ್ಲಿಗೆ ಹೋಗುವ ಹೊತ್ತಿಗೆ ಗಾಳಿವೀರ ಟೀವಿಗೆ ಬಂದಿದ್ದ. ಟೀವಿಯವರು ಅವನ ಹುಟ್ಟನ್ನೇ ಬದಲಾಯಿಸಿದ್ದರು. ಮೋಡದ ರಾಜ್ಯ ಹೋಗಿ ಈಗ ಅವನು ವಿಜ್ಞಾನಿಯೊಬ್ಬನ ಮಗ. ಪ್ರಯೋಗಾಲಯದಲ್ಲಿ ಗಾಜಿನ ಬುರುಡೆ ಒಡೆದು, ಅದರೊಳಗಿನ ಹಸಿರು ಹೊಗೆ ಕುಡಿದು ಹಾರುವ ಶಕ್ತಿ ಬರುತ್ತದೆ. ಪಂಚಾಯ್ತಿ ಕಟ್ಟೆಯ ಟೀವಿ ಮುಂದೆ ಕೂತು ನೋಡಿ ಬಂದ ಮಕ್ಕಳು ತರಗತಿಯಲ್ಲಿ ಎರಡು ಪಾರ್ಟಿಯಾಗಿದ್ದರು. ಅಣ್ಣಂದಿರಿಂದ ಹಳೆಯ ಕಥೆ ಕೇಳಿದವರು ಮೋಡದ ಪಾರ್ಟಿ, ಉಳಿದವರು ಹೊಗೆ ಪಾರ್ಟಿ. ಸ್ಕೇಲು ಹಿಡಿದು ಹೊಡೆದಾಡಿಕೊಂಡದ್ದೂ ಉಂಟು.

ನಾಟಕದ ಮಾತು ಬಂದಾಗ ನಾನು ತರಗತಿಯನ್ನೇ ಕೇಳಿದೆ. "ಸರಿ, ಗಾಳಿವೀರ ಎಲ್ಲಿಂದ ಬಂದ? ನೀವೇ ಹೇಳಿ."

ಗದ್ದಲವೆದ್ದಿತು. ಅದರ ನಡುವೆ ಮಾದೇವಿ ಎಂಬ ಹುಡುಗಿ ಎದ್ದು ನಿಂತಳು. ಸಾಮಾನ್ಯವಾಗಿ ಮಾತಾಡದವಳು, ಸೂಜಿಗೆ ದಾರ ಪೋಣಿಸುವಾಗ ಮಾತ್ರ ನಾಲಗೆ ಹೊರಗೆ ಹಾಕುತ್ತಿದ್ದವಳು.

"ಎರಡೂ ಸುಳ್ಳು ಮಿಸ್. ಅವ್ನ ಊರು ನೀರಲ್ ಮುಳುಗೋಯ್ತು."

"ಯಾರ್ ಹೇಳಿದ್ರಮ್ಮ ನಿಂಗೆ?"

"ಯಾರೂ ಏಳ್ಲಿಲ್ಲ. ಊರು ಇದ್ದಿದ್ರೆ ಇಲ್ಲಿಗ್ಯಾಕ್ ಬತ್ತಿದ್ದ?"

ಎರಡು ಪಾರ್ಟಿಯವರೂ ಅವಳ ಕಡೆ ತಿರುಗಿದರು. ಆ ತರಗತಿಯ ಅರ್ಧಕ್ಕರ್ಧ ಮಕ್ಕಳ ಮನೆಯಲ್ಲಿ 'ಹಳೇ ಊರು' ಎಂಬ ಮಾತು ಇತ್ತು. ಅದನ್ನು ಕಥೆಯೊಳಗೆ ತರಬಹುದೆಂದು ಅವರಿಗೆ ಅಲ್ಲಿಯವರೆಗೆ ತೋಚಿರಲಿಲ್ಲ. ನನಗೂ ತೋಚಿರಲಿಲ್ಲ.

ಗಾಳಿವೀರ ಯಾರಾಗಬೇಕು ಎಂಬ ಪ್ರಶ್ನೆಗೂ ಮಾದೇವಿಯೇ ಕೈ ಎತ್ತಿದಳು. ಸಿದ್ದರಾಜು ಎನ್ನುವ ಹುಡುಗ ಎದ್ದು, "ಗಾಳಿವೀರ ಗಂಡ್ಸು ಕಣೇ" ಎಂದ.

"ಮುಸುಕು ಆಕ್ಕೊಂಡವ್ನೆ. ನಿಂಗೆಂಗ್ ಗೊತ್ತು?" ಎಂದಳು ಅವಳು. ಮುಸುಕು ಹೊಲಿಯುವ ನನಗೂ ಗೊತ್ತಿರಲಿಲ್ಲ, ಪಾರ್ಟು ಅವಳಿಗೇ ಕೊಟ್ಟೆ.

ಮುಳುಗಿದ ಊರಿನಲ್ಲಿ ಯಾವ ಯಾವ ಮನೆ ಇದ್ದವು ಎಂದು ಕೇಳಲು ಮಾದೇವಿಯ ತಾತ ಕೆಂಚಯ್ಯನ ಹತ್ತಿರ ಹೋದೆವು. ಆತ ಹಗ್ಗ ಹೊಸೆಯುತ್ತಾ ಕೂತಿದ್ದ. ಬೇಸಿಗೆಯಲ್ಲಿ ನೀರು ಇಳಿದಾಗ ಹಳೇ ಊರಿನ ಕಲ್ಲುಗಳು ಕಾಣುತ್ತವೆ, ಜನ ನೋಡಲು ಹೋಗುತ್ತಾರೆ. ಕೆಂಚಯ್ಯ ಮಾತ್ರ ಒಂದು ಸಲವೂ ಹೋದವನಲ್ಲವಂತೆ. ನಮ್ಮ ಮಾತು ಕೇಳಿ, "ನೀರಿಗೋದುದ್ದು ಕರೆದ್ರೆ ಬತ್ತದಾ? ಬುಡಿ ಟೀಚರಮ್ಮ" ಎಂದು ಮತ್ತೆ ಹಗ್ಗಕ್ಕೆ ಕೈಹಾಕಿದ. ಬಲವಂತ ಮಾಡಲು ನನಗೆ ಮನಸ್ಸಾಗಲಿಲ್ಲ.

ಕೆಲವು ದಿನ ಕಳೆದ ಮೇಲೆ ಆತ ತಾನೇ ಶಾಲೆಗೆ ಬಂದ. ಜಗಲಿಯಲ್ಲಿ ಕೂತು ಮಕ್ಕಳ ಅಭ್ಯಾಸ ನೋಡಿದ. ಮಾದೇವಿ ಬೆಂಚಿನ ಮೇಲೆ ನಿಂತು ಕೈ ಚಾಚಿಕೊಂಡು, ನೀರಿನ ಮೇಲೆ ಹಾರುತ್ತಾ ತನ್ನ ಊರನ್ನು ಹುಡುಕುತ್ತಿದ್ದಳು. ಏನು ಮಾತಾಡಬೇಕೆಂದು ಗೊತ್ತಿಲ್ಲದೆ, "ಊರೇ, ಓ ಊರೇ" ಎನ್ನುತ್ತಿದ್ದಳು.

ಕೆಂಚಯ್ಯನಿಗೆ ತಡೆಯಲಾಗಲಿಲ್ಲ. "ಅಂಗಲ್ಲ ಕಣವ್ವ. ಊರೇ ಅಂದ್ರೆ ಯಾರು ಓ ಅಂತಾರೆ? ಮನೆ ಇಡಿದು ಕರಿ. ಮೂಡ್ಲಿಂದ ಸುರು ಮಾಡು. ಮೊದಲು ಕಂಬದ್ ಮನೆ, ಆಮ್ಯಾಕೆ ಬಾವಿ ಮನೆ..." ಎಂದು ಶುರುಮಾಡಿದ. ಅವನು ಕಣ್ಣು ಮುಚ್ಚಿಕೊಂಡು ಮನಸ್ಸಿನಲ್ಲೇ ಹಳೇ ಊರಿನ ಬೀದಿಯಲ್ಲಿ ನಡೆಯುತ್ತಾ ಹೋದ, ಮಾದೇವಿ ಹಿಂದೆ ಹಿಂದೆ ಹೇಳುತ್ತಾ ಹೋದಳು. ಅಂದು ಗಂಟೆ ಬಾರಿಸಿದರೂ ಮಕ್ಕಳು ಮನೆಗೆ ಹೋಗಲಿಲ್ಲ.

ತೊಂದರೆ ಬಂದದ್ದು ಆಮೇಲೆ. ಹೆಡ್‌ಮಿಸ್ ಲಲಿತಮ್ಮನವರು ಶಿಸ್ತಿನವರು, ಸೀರೆಯ ನೆರಿಗೆ ಕೂಡ ಅಳತೆ ತಪ್ಪುತ್ತಿರಲಿಲ್ಲ. ಅಭ್ಯಾಸ ನೋಡಿ ನನ್ನನ್ನು ಆಫೀಸಿಗೆ ಕರೆದರು.

"ಸುಶೀಲಾ, ಅಣೆಕಟ್ಟಿನ ವಿಷಯ ಇದು. ವಾರ್ಷಿಕೋತ್ಸವಕ್ಕೆ ಇಲಾಖೆ ಸಾಹೇಬರು ಬರ್ತಾರೆ. ಸರ್ಕಾರಿ ಶಾಲೇಲಿ ಸರ್ಕಾರದ ಮೇಲೇ ನಾಟಕ ಅಂದ್ರೆ ನಿಮ್ಮನ್ನೂ ಬಿಡಲ್ಲ, ನನ್ನನ್ನೂ ಬಿಡಲ್ಲ. ಮೋಡನೋ ಹೊಗೆನೋ, ಯಾವುದಾದ್ರೂ ಒಂದು ಮಾಡಿ ಮುಗ್ಸಿ."

"ನಾಟಕದಲ್ಲಿ ಅಣೆಕಟ್ಟು ಅನ್ನೋ ಮಾತೇ ಇಲ್ಲ ಮೇಡಂ."

"ನೀರು ಇದೆಯಲ್ಲ?"

"ನೀರು ಎಲ್ಲಾ ಕಡೆ ಇದೆ ಮೇಡಂ."

ಅವರಿಗೆ ನಗು ಬಂದರೂ ತೋರಿಸಲಿಲ್ಲ. "ನಿಮಗೆ ಟ್ರಾನ್ಸ್‌ಫರ್ ಆದ್ರೆ ನಾನೇನೂ ಅಳಲ್ಲ, ತಿಳ್ಕೊಳ್ಳಿ" ಎಂದರು. ಬೇಡ ಎಂದು ಮಾತ್ರ ಹೇಳಲಿಲ್ಲ. ಆದರೂ ನನಗೆ ಭಯ ಹೋಗಲಿಲ್ಲ. ನನ್ನ ಮಕ್ಕಳು ಆಗ ಎಚ್.ಡಿ. ಕೋಟೆಯಲ್ಲಿ ಓದುತ್ತಿದ್ದರು. ವರ್ಷದ ನಡುವೆ ಎಲ್ಲಿಗಾದರೂ ಎತ್ತಿಹಾಕಿದರೆ ಅವರ ಗತಿಯೇನು ಎಂಬ ಯೋಚನೆ ಹತ್ತಿತ್ತು. ಎರಡು ಸಲ ಮಾದೇವಿಯನ್ನು ಕರೆದು ಕಥೆ ಬದಲಾಯಿಸೋಣ ಎಂದು ಹೇಳಲು ಹೊರಟೆ. ಅವಳು ಬೀದಿಯ ಮನೆಗಳನ್ನು ಗೊಣಗಿಕೊಳ್ಳುತ್ತಾ ಬರುವುದನ್ನು ನೋಡಿ ಸುಮ್ಮನಾದೆ.

ನಾಟಕದ ದಿನ ಸಂಜೆ ಶಾಮಿಯಾನದ ಕೆಳಗೆ ಜಾಗ ಸಾಲದೆ ಜನ ಕಾಂಪೌಂಡಿನ ಮೇಲೂ ಕೂತಿದ್ದರು. ಸಾಹೇಬರು ಮುಂದಿನ ಸೋಫಾದಲ್ಲಿ, ಪಕ್ಕದಲ್ಲಿ ಲಲಿತಮ್ಮ. ಮಾದೇವಿ ನೀಲಿ ಬಟ್ಟೆ ಕಟ್ಟಿಕೊಂಡು ಮೇಜಿನ ಮೇಲೆ ನಿಂತಳು. ಕೆಳಗೆ ನಾಲ್ಕು ಹುಡುಗಿಯರು ಹಳೆಯ ಸೀರೆಗಳನ್ನು ಹಿಡಿದು ನೀರಿನ ಹಾಗೆ ಆಡಿಸುತ್ತಿದ್ದರು. ಅವಳು ಕೈ ಚಾಚಿ ಕರೆದಳು.

"ಕಂಬದ್ ಮನೆಯೋರೇ..."

ಜನರ ನಡುವಿನಿಂದ ಒಂದು ಹೆಂಗಸಿನ ದನಿ ಬಂತು. "ಇಲ್ಲಿವ್ನಿ ಕಣವ್ವಾ."

ಮಾದೇವಿಗೆ ಗಾಬರಿಯಾಯಿತು, ಇದು ಅಭ್ಯಾಸದಲ್ಲಿ ಇರಲಿಲ್ಲ. ಆದರೂ ಬಿಡದೆ ಮುಂದಿನದನ್ನು ಕರೆದಳು. "ಬಾವಿ ಮನೆಯೋರೇ..."

"ಇಲ್ಲೇ ಅವ್ರೆ, ಕರಿ ಮುಂದುಕ್ಕೆ" ಎಂದು ಕಾಂಪೌಂಡಿನ ಮೇಲಿಂದ ಒಬ್ಬರು.

"ಉಣಸೇಮರದ್ ಮನೆಯೋರೇ..."

"ಓ... ಬಂದೆ!"

ಹೀಗೆ ಇಡೀ ಬೀದಿ ಓಗೊಟ್ಟಿತು. ಯಾವುದೋ ಒಂದು ಮನೆ ಕರೆದಾಗ ಯಾರೂ ಮಾತಾಡಲಿಲ್ಲ. ಆಗ ಹಿಂದಿನಿಂದ ಒಬ್ಬರು, "ಅವ್ರು ಓಗ್ಬುಟ್ರು ಕಣ್ ಮಗ" ಎಂದರು. ಮಾದೇವಿ ತಲೆ ಬಗ್ಗಿಸಿ ಸ್ವಲ್ಪ ಹೊತ್ತು ನಿಂತಳು. ಅದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಕೊನೆಯ ಮನೆ ಅವಳದೇ. ಅದನ್ನು ಕರೆದಾಗ ಕೆಂಚಯ್ಯ ಎದ್ದು ನಿಂತ. ಟವೆಲ್ಲನ್ನು ಮೇಲೆತ್ತಿ ಬೀಸಿದ.

ಸಾಹೇಬರು ಬೀಳ್ಕೊಳ್ಳುವ ಮುಂಚೆ ನಮ್ಮ ಕಡೆ ಬಂದು ಕೇಳಿದರು. "ಆ ಗಾಳಿವೀರನ ಊರು ಯಾವುದು ಅಂದ್ರಿ?"

ನಾನು ಬಾಯಿ ತೆರೆಯುವ ಮೊದಲೇ ಲಲಿತಮ್ಮ ಹೇಳಿದರು. "ಮೋಡದ ಮೇಲಿಂದು ಸಾರ್. ಹಳೇ ಚಿತ್ರಕಥೆ, ವಾರಪತ್ರಿಕೇಲಿ ಬರ್ತಿತ್ತು."

ಸಾಹೇಬರು ಅವರನ್ನೂ ನನ್ನನ್ನೂ ಒಮ್ಮೆ ನೋಡಿ, "ಹಾಗೇ ಇರಲಿ" ಎಂದು ಹೇಳಿ ಜೀಪು ಹತ್ತಿದರು. ಜೀಪು ತಿರುವು ದಾಟಿದ ಮೇಲೆ ಲಲಿತಮ್ಮ ನನ್ನ ಕಡೆ ತಿರುಗಿ, "ನನ್ನ ಸರ್ವಿಸಿನಲ್ಲೇ ಇಷ್ಟು ದೊಡ್ಡ ಸುಳ್ಳು ಹೇಳಿರ್ಲಿಲ್ಲ. ಹೋಗಿ ಕಾಫಿ ಮಾಡ್ಸಿ" ಎಂದರು. ನನಗೆ ಸಿಕ್ಕ ಮೇಲಧಿಕಾರಿಗಳಲ್ಲಿ ಅವರಂಥವರು ಮತ್ತೆ ಸಿಗಲಿಲ್ಲ.

ಕೊನೆಯ ಕೆಲವು ವರ್ಷ ಕೆ.ಆರ್. ನಗರದ ಕಡೆ, ನಾಲೆಯ ದಂಡೆಯ ಊರೊಂದರಲ್ಲಿ ಕಳೆದೆ. ಎರಡು ಸಾವಿರ ಇಸವಿ ದಾಟಿತ್ತು. ಎಲ್ಲವೂ ಬದಲಾಗಿತ್ತು. ನಾನು ವೇಷ ಹೊಲಿಯುವ ಅಗತ್ಯವೇ ಇರಲಿಲ್ಲ, ಮೈಸೂರಿನಲ್ಲಿ ಬಾಡಿಗೆಗೆ ಸಿಗುತ್ತಿತ್ತು. ಹಿನ್ನೆಲೆಗೆ ಹಾರ್ಮೋನಿಯಂ ಬದಲು ಸೀಡಿ ಬಂತು. ಗಾಳಿವೀರನೂ ಬದಲಾಗಿದ್ದ. ಅವನ ಮೇಲೆ ಹೊಸ ಸಿನಿಮಾ ಬಂದಿತ್ತು. ಅದರಲ್ಲಿ ಅವನು ನಗುವುದೇ ಇಲ್ಲ. ನೀಲಿ ಬಟ್ಟೆ ಹೋಗಿ ಕಪ್ಪು ಬಂದಿದೆ. ಊರು ಸುಟ್ಟಿದ್ದು ಆಕಸ್ಮಿಕವಲ್ಲ, ಸುಟ್ಟವನು ಅವನ ಹೆತ್ತ ತಂದೆಯೇ. ಕೊನೆಯಲ್ಲಿ ಗಾಳಿವೀರ ತಂದೆಯನ್ನು ನೆಲಕ್ಕೆ ಕೆಡವಿ ಕೊಂದುಹಾಕುತ್ತಾನೆ.

ಹತ್ತನೇ ಕ್ಲಾಸಿನ ಕಾರ್ತಿಕ ಅದನ್ನೇ ಮಾಡಬೇಕೆಂದು ಹಟ ಹಿಡಿದ. ಚುರುಕು ಹುಡುಗ, ಆಗಷ್ಟೇ ದನಿ ಒಡೆದಿತ್ತು. ನಾನು ಒಪ್ಪಲಿಲ್ಲ. "ಗಾಳಿವೀರ ಕೊಲ್ಲಲ್ಲ ಕಣೋ. ಬಿದ್ದವನ ಮೇಲೆ ಕೈ ಮಾಡೋನಲ್ಲ ಅವನು" ಎಂದೆ.

"ಸಿನಿಮಾದಲ್ಲಿ ಮಾಡ್ತಾನೆ ಮಿಸ್."

"ಸಿನಿಮಾದವರು ಕೆಡಿಸಿದ್ದಾರೆ."

ಕಾರ್ತಿಕ ನನ್ನನ್ನು ನೋಡಿ, "ನೀವು ಅವ್ನ ಊರು ಬದಲಾಯಿಸಿದ್ರಂತೆ, ಅವ್ವನ್ನ ಬದಲಾಯಿಸಿದ್ರಂತೆ, ಹೆಣ್ಣು ಹುಡುಗಿ ಕೈಲೂ ಮಾಡ್ಸಿದ್ರಂತೆ. ಕೋಟೆ ಕಡೆಗೆ ಕೊಟ್ಟಿರೋ ನಮ್ಮಕ್ಕ ಹೇಳವ್ಳೆ. ನೀವ್ ಬದಲಾಯಿಸ್ಬೌದು, ನಾವ್ ಬದಲಾಯಿಸ್ಬಾರ್ದಾ ಮಿಸ್?" ಎಂದ.

ನಾನು ಕೈಯಲ್ಲಿದ್ದ ಕತ್ತರಿಯನ್ನು ಮೇಜಿನ ಮೇಲಿಟ್ಟೆ. ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಎರಡು ದಿನ ಯೋಚಿಸಿ, "ಕಡೇ ಸೀನು ನಿಮ್ಮದು. ಹೇಗೆ ಬೇಕೋ ಹಾಗೆ ಮಾಡ್ಕೊಳ್ಳಿ, ನಾನು ಅಭ್ಯಾಸಕ್ಕೂ ಬರಲ್ಲ" ಎಂದೆ. ಇದನ್ನು ಧಾರಾಳತನ ಎಂದುಕೊಳ್ಳಬೇಡಿ, ಅರ್ಧ ಕೋಪವೂ ಇತ್ತು. ನನ್ನ ಸೇವೆಯ ಕೊನೆಯ ನಾಟಕ ಅದು. ಕೊಲೆಯಲ್ಲಿ ಮುಗಿಯುತ್ತದಲ್ಲ ಎಂಬ ಸಂಕಟವಿತ್ತು.

ನಾಟಕದ ದಿನ ನಾನು ನೀರಿನ ಚೊಂಬು ಹಿಡಿದು ಪರದೆಯ ಪಕ್ಕದಲ್ಲಿ ನಿಂತಿದ್ದೆ. ಊರು ಸುಡುವ ದೃಶ್ಯಕ್ಕೆಂದು ಹುಡುಗರು ಬಕೆಟ್ಟುಗಳಲ್ಲಿ ಕೆಂಡ ಹಾಕಿ ಸಾಂಬ್ರಾಣಿ ಸುರಿದಿದ್ದರು. ಹದ ಗೊತ್ತಿಲ್ಲದೆ ವಿಪರೀತ ಸುರಿದು ವೇದಿಕೆಯೆಲ್ಲ ಹೊಗೆಯಾಗಿತ್ತು. ತಂದೆಯ ಪಾರ್ಟು ಯೋಗೇಶನದು, ಕಾರ್ತಿಕನ ಜೀವದ ಗೆಳೆಯ. ಕಾರ್ತಿಕ ಅವನನ್ನು ಕೆಡವಿದ. "ನನ್ನ ಊರು ಸುಟ್ಟವನೇ, ನನ್ನ ತಾಯಿಯ ಕೊಂದವನೇ" ಎಂದು ಒಡೆದ ದನಿಯಲ್ಲಿ ಅಬ್ಬರಿಸಿ ಮುಷ್ಟಿ ಮೇಲೆತ್ತಿದ. ಸೀಡಿಯಲ್ಲಿ ನಗಾರಿ ಬಡಿಯುತ್ತಿತ್ತು. ನಾನು ಕಣ್ಣು ಮುಚ್ಚಿಕೊಂಡೆ.

ಆಗ ಯೋಗೇಶ ಕೆಮ್ಮತೊಡಗಿದ. ನಾಟಕದ ಕೆಮ್ಮಲ್ಲ, ಹೊಗೆ ನೆತ್ತಿಗೇರಿದ ನಿಜವಾದ ಕೆಮ್ಮು. ಬಿದ್ದಲ್ಲೇ ಮುದುರಿಕೊಂಡು, ಕಣ್ಣು ಮೂಗಿನಲ್ಲಿ ನೀರು ಸುರಿಸಿಕೊಂಡು ಕೆಮ್ಮಿದ. ಕಾರ್ತಿಕನ ಮುಷ್ಟಿ ಮೇಲೇ ನಿಂತಿತು. ಒಂದು ಕ್ಷಣ ಅವನು ನೋಡಿದ. ಎತ್ತಿದ ಕೈ ತಾನಾಗಿ ಇಳಿಯಿತು. ಮೊಣಕಾಲೂರಿ ಕೂತು, ಗಾಳಿವೀರನ ಅಬ್ಬರವನ್ನೆಲ್ಲ ಮರೆತು, ದಿನಾ ಮಾತಾಡುವ ದನಿಯಲ್ಲಿ ಕೇಳಿದ.

"ನೀರ್ ಬೇಕೇನ್ಲಾ?"

ಮೈಕು ಹತ್ತಿರವೇ ಇತ್ತು. ಇಡೀ ಅಂಗಳಕ್ಕೆ ಕೇಳಿಸಿತು.

ಯಾರೂ ನಗಲಿಲ್ಲ. ಅದು ನಾಟಕದ ಮಾತೇ ಎಂದು ಜನ ತಿಳಿದರು. ಸೀಡಿ ಹಾಕುವ ಹುಡುಗಿಗೆ ಏನನ್ನಿಸಿತೋ, ನಗಾರಿ ನಿಲ್ಲಿಸಿದಳು. ಕಾರ್ತಿಕ ಎದ್ದು ಬಂದು ನನ್ನ ಕೈಯಲ್ಲಿದ್ದ ಚೊಂಬು ಕಿತ್ತುಕೊಂಡು ಹೋಗಿ, ಯೋಗೇಶನ ತಲೆ ಎತ್ತಿ ನೀರು ಕುಡಿಸಿದ. ಕುಡಿಸಿಯಾದ ಮೇಲೆ ಏನು ಮಾಡಬೇಕೆಂದು ತಿಳಿಯದೆ ಇಬ್ಬರೂ ಅಲ್ಲೇ ಪಕ್ಕಪಕ್ಕದಲ್ಲಿ ಕೂತರು. ನಾನು ಪರದೆ ಎಳೆಸಿದೆ. ಚಪ್ಪಾಳೆ ನಿಲ್ಲಲೇ ಇಲ್ಲ.

ಒಳಗೆ ಬಂದ ಕಾರ್ತಿಕನ ಮುಖ ಸಪ್ಪಗಿತ್ತು. "ಕೆಟ್ಟೋಯ್ತು ಮಿಸ್. ಕೈ ಎತ್ತಿದ್ದೆ. ಅಷ್ಟರಲ್ಲಿ ಇವ್ನು ಕೆಮ್ಮಿದ."

"ಕೆಟ್ಟಿಲ್ಲ ಕಣೋ" ಎಂದೆ. ಅವನಿಗೆ ನಂಬಿಕೆಯಾಗಲಿಲ್ಲ. ಯೋಗೇಶ ಇನ್ನೂ ಕೆಮ್ಮುತ್ತಾ, "ನನ್ನಿಂದ್ಲೇ ಕಣ್ಲಾ ಕ್ಲಾಪ್ಸು ಬಂದಿದ್ದು" ಎಂದ. ಅದೂ ಸುಳ್ಳಲ್ಲ.

ಅದಾದ ಕೆಲವು ತಿಂಗಳಿಗೆ ನಾನು ನಿವೃತ್ತಿಯಾದೆ.

ನಿವೃತ್ತಿಯ ಎರಡನೇ ವರ್ಷ ಅದೇ ತಾಲ್ಲೂಕಿನ ಇನ್ನೊಂದು ಶಾಲೆಯವರು ವಾರ್ಷಿಕೋತ್ಸವಕ್ಕೆ ಅತಿಥಿಯಾಗಿ ಕರೆದರು. ಹೋದೆ. ನಾಟಕ ಗಾಳಿವೀರನದೇ. ನಾಟಕ ಮಾಡಿಸಿದ್ದ ಟೀಚರು ಇಪ್ಪತ್ತೈದರ ಹುಡುಗಿ, ನನ್ನ ಪಕ್ಕದಲ್ಲೇ ಉಸಿರು ಹಿಡಿದು ಕೂತಿದ್ದಳು. ಅವಳ ಗಾಳಿವೀರ ಭತ್ತದ ಗದ್ದೆಯಲ್ಲಿ ಸಿಕ್ಕಿದ್ದ, ಅಜ್ಜಿಯೊಬ್ಬಳು ಸಾಕಿದ್ದಳು. ನಾನು ಅವನನ್ನು ಅಲ್ಲಿ ಎಂದೂ ಇಳಿಸಿರಲಿಲ್ಲ. ಚೆನ್ನಾಗಿತ್ತು. ಕೊನೆಯ ದೃಶ್ಯ ಬಂತು. ಗಾಳಿವೀರ ದುಷ್ಟನನ್ನು ಕೆಡವಿ ಮುಷ್ಟಿ ಎತ್ತಿದ. ಕೆಳಗೆ ಬಿದ್ದವನು ಮುದುರಿಕೊಂಡು ಕೆಮ್ಮಿದ, ಮೂರು ಸಲ, ತಾಳ ಹಾಕಿದ ಹಾಗೆ. ವೇದಿಕೆಯಲ್ಲಿ ಹೊಗೆಯೇನೂ ಇರಲಿಲ್ಲ. ಗಾಳಿವೀರ ಕೈ ಇಳಿಸಿ ಮೊಣಕಾಲೂರಿ, "ನೀರ್ ಬೇಕೇನ್ಲಾ?" ಎಂದು ಕೇಳಿದ.

ನಾನು ಆ ಟೀಚರ ಕಡೆ ತಿರುಗಿ, "ಈ ಕೆಮ್ಮು ಯಾಕಮ್ಮ?" ಎಂದು ಕೇಳಿದೆ.

ಅವಳು ವೇದಿಕೆಯಿಂದ ಕಣ್ಣು ಕೀಳದೆ, ತಗ್ಗಿದ ದನಿಯಲ್ಲಿ ಹೇಳಿದಳು. "ನನಗೂ ತೆಗೆದುಹಾಕೋಣ ಅನ್ನಿಸ್ತು ಮೇಡಂ. ಆದ್ರೆ ಮಕ್ಕಳು ಬಿಡಲಿಲ್ಲ. ಮೂಲ ಕಥೆಯಲ್ಲೇ ಹಾಗಿದೆಯಂತೆ."